ಆಕ್ಸೈಡ್ ಹರಳಿನ ಖಾಲಿ ಜಾಗ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ವಿಜ್ಞಾನದ ವಿಷಯ ಮಾತನಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ಕೆಲವು ತಿಂಗಳ ಹಿಂದೆ ನನ್ನ ಬೈಕಿನ ಮೀಟರಿನಲ್ಲಿ ಹಳದಿ ದೀಪ ಹತ್ತಿತು. ಲಿಂಗಸುಗೂರಿನ ಒಂದು ಗ್ಯಾರೇಜಿಗೆ ಹೋದೆ. ಅಲ್ಲಿ ಕೆಲಸ ಮಾಡುತ್ತಿದ್ದವನು ನನ್ನದೇ ಹಳೆಯ ವಿದ್ಯಾರ್ಥಿ. "ಆಕ್ಸಿಜನ್ ಸೆನ್ಸರ್ ಕೆಟ್ಟೈತ್ರಿ ಸರ್, ಬದ್ಲಿ ಹಾಕ್ಬೇಕು" ಎಂದ. ಬೆರಳುದ್ದದ ಆ ಸಾಮಾನನ್ನು ಬಿಚ್ಚಿ ಕೈಗೆ ಕೊಟ್ಟು, ನಮ್ಮ ದಖನಿಯಲ್ಲಿ "ಸರ್, ಇಸ್ಕೆ ಅಂದರ್ ಕ್ಯಾ ಹೈ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು. ನಮ್ಮ ವಿಜ್ಞಾನ ಶಿಕ್ಷಕರನ್ನು ಕೇಳಿ, ಪುಸ್ತಕ ಓದಿ, ತಿಳಿದದ್ದನ್ನು ಅವನಿಗೆ ಹೇಳಿ ಬಂದೆ. ಅದನ್ನೇ ಇಂದು ನಿಮಗೂ ಹೇಳುತ್ತೇನೆ.

2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂತು. ಹೊಗೆ ಕಡಿಮೆಯಾಗಬೇಕಾದರೆ ಎಂಜಿನ್ನಿಗೆ ಪೆಟ್ರೋಲು ಅಳತೆಗೆ ಸರಿಯಾಗಿ ಹೋಗಬೇಕು. ಅಳತೆ ಸರಿಯಾಗಿದೆಯೇ ಎಂದು ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ನೋಡಿ ಹೇಳುವುದು ಈ ಸೆನ್ಸರ್. ಇಂಥ ಬಹುತೇಕ ಸೆನ್ಸರ್‌ಗಳ ಒಳಗಿರುವುದು ಜಿರ್ಕೋನಿಯಾ. ಅಂದರೆ ಜಿರ್ಕೋನಿಯಂ ಲೋಹದ ಆಕ್ಸೈಡ್. ನೋಡಲು ಬಿಳಿ ಪಿಂಗಾಣಿಯಂತೆ ಇರುತ್ತದೆ. ಈ ಹೆಸರಿನ ಮೂಲ ಫಾರ್ಸಿಯ 'ಜರ್‌ಗೂನ್', ಅಂದರೆ ಚಿನ್ನದ ಬಣ್ಣದ್ದು, ಎಂದು ನಿಘಂಟುಗಳು ಹೇಳುತ್ತವೆ. ಉರ್ದು ಓದುವ ಮಕ್ಕಳಿಗೆ 'ಜರ್' ಗೊತ್ತು. ಸೀರೆಯ ಜರಿಯೂ ಅದೇ. ಹಟ್ಟಿ ಚಿನ್ನದ ಗಣಿ ಇರುವ ತಾಲ್ಲೂಕಿನವರಾದ ನಮಗೆ ಈ ಶಬ್ದ ದೂರದ್ದಲ್ಲ.

ಪಿಂಗಾಣಿಯಲ್ಲಿ ಕರೆಂಟು ಹರಿಯುವುದಿಲ್ಲ ಎಂದು ನಾವು ಕಲಿತಿದ್ದೇವೆ. ಕಂಬದ ಮೇಲೆ ಪಿಂಗಾಣಿ ಕೂರಿಸುವುದೇ ಅದಕ್ಕಾಗಿ. ಆದರೆ ಜರ್ಮನಿಯ ವಾಲ್ಟರ್ ನೆರ್ನ್ಸ್ಟ್ ಎಂಬ ವಿಜ್ಞಾನಿ 19ನೇ ಶತಮಾನದ ಕೊನೆಯಲ್ಲಿ ಬೇರೆಯದನ್ನೇ ಕಂಡರು. ಜಿರ್ಕೋನಿಯಾಕ್ಕೆ ಇಟ್ರಿಯಾ ಎಂಬ ಇನ್ನೊಂದು ಆಕ್ಸೈಡ್ ಬೆರೆಸಿ ಕಡ್ಡಿ ಮಾಡಿ ಚೆನ್ನಾಗಿ ಕಾಯಿಸಿದರೆ ಅದರಲ್ಲಿ ವಿದ್ಯುತ್ ಹರಿದು ಕಡ್ಡಿ ಬೆಳಗುತ್ತದೆ. ಅದರಿಂದ ಅವರು ದೀಪವನ್ನೇ ಮಾಡಿದರು. ತಣ್ಣಗಿದ್ದರೆ ಅದು ಹತ್ತುತ್ತಿರಲಿಲ್ಲ, ಮೊದಲು ಬಿಸಿ ಮಾಡಬೇಕಿತ್ತು. ಮುಂದೆ ಟಂಗ್‌ಸ್ಟನ್ ದೀಪ ಬಂದು ಅದು ಮೂಲೆ ಸೇರಿತು. ಆದರೆ ಆ ಕಡ್ಡಿಯಲ್ಲಿ ಹರಿಯುತ್ತಿದ್ದುದು ಏನು ಎಂಬ ಪ್ರಶ್ನೆ ಉಳಿಯಿತು. 1943ರಲ್ಲಿ ಕಾರ್ಲ್ ವ್ಯಾಗ್ನರ್ ಉತ್ತರ ಕೊಟ್ಟರು: ಅಲ್ಲಿ ನಡೆಯುತ್ತಿರುವುದು ಆಮ್ಲಜನಕದ ಅಯಾನು, ಅದಕ್ಕೆ ದಾರಿ ಕೊಡುತ್ತಿರುವುದು ಹರಳಿನೊಳಗಿನ ಖಾಲಿ ಜಾಗ.

ಇದನ್ನು ಲೆಕ್ಕ ಮಾಡಿ ನೋಡೋಣ. ಹತ್ತನೇ ತರಗತಿಯವರು ಬರೆದುಕೊಳ್ಳಿ. ಜಿರ್ಕೋನಿಯಾದಲ್ಲಿ ಒಂದು ಲೋಹದ ಅಯಾನಿಗೆ ಎರಡು ಆಮ್ಲಜನಕ. ಇಟ್ರಿಯಾದಲ್ಲಿ ಎರಡು ಲೋಹಕ್ಕೆ ಮೂರು. 92 ಪಾಲು ಜಿರ್ಕೋನಿಯಾಕ್ಕೆ 8 ಪಾಲು ಇಟ್ರಿಯಾ ಸೇರಿಸಿದರೆ ಲೋಹದ ಅಯಾನುಗಳು 92 ಮತ್ತು 16, ಒಟ್ಟು 108. ಹರಳಿನಲ್ಲಿ ಆಮ್ಲಜನಕಕ್ಕೆ ಇರುವ ಜಾಗ ಅದರ ಎರಡರಷ್ಟು, 216. ಬಂದ ಆಮ್ಲಜನಕ 184 ಮತ್ತು 24, ಒಟ್ಟು 208. ಉಳಿದ 8 ಜಾಗ ಖಾಲಿ. ಅಂದರೆ 27 ಜಾಗಕ್ಕೆ ಒಂದು ಖಾಲಿ. ಹರಳಿನಲ್ಲಿ ಇರಬೇಕಾದ್ದು ಇಲ್ಲದಿರುವುದನ್ನೇ ವಿಜ್ಞಾನಿಗಳು ದೋಷ ಎನ್ನುತ್ತಾರೆ.

ಬೆಂಚುಗಳೆಲ್ಲ ತುಂಬಿದ ತರಗತಿಯಲ್ಲಿ ಯಾರೂ ಅಲುಗಾಡಲು ಆಗುವುದಿಲ್ಲ. ಒಂದು ಜಾಗ ಖಾಲಿ ಇದ್ದರೆ ಪಕ್ಕದವನು ಅಲ್ಲಿಗೆ ಸರಿಯುತ್ತಾನೆ, ಅವನ ಜಾಗಕ್ಕೆ ಮತ್ತೊಬ್ಬ. ಹುಡುಗರು ಒಂದು ಕಡೆಗೆ ಸರಿದಂತೆ ಖಾಲಿ ಜಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಹರಳಿನಲ್ಲೂ ಹೀಗೆಯೇ. ಅಲ್ಲಿ ಸರಿಯಲು ಬೇಕಾದ ಬಲ ಶಾಖದಿಂದ ಬರುತ್ತದೆ. ಹಾಗಾದರೆ ಇಟ್ರಿಯಾ ಇನ್ನೂ ಹೆಚ್ಚು ಬೆರೆಸಿದರೆ ಆಮ್ಲಜನಕ ಇನ್ನೂ ಸಲೀಸಾಗಿ ನಡೆಯುತ್ತದೆಯೇ? ಇಲ್ಲ. ನೂರಕ್ಕೆ ಎಂಟರ ಆಚೀಚೆ ಹರಿವು ಅತಿ ಹೆಚ್ಚು. ಅದನ್ನು ಮೀರಿದರೆ ಖಾಲಿ ಜಾಗಗಳು ಇಟ್ರಿಯಂ ಬಳಿಯೂ ಒಂದಕ್ಕೊಂದರ ಬಳಿಯೂ ಕಟ್ಟಿಬಿದ್ದು ಹರಿವು ಇಳಿಯುತ್ತದೆ.

ಇನ್ನು ಸೆನ್ಸರ್ ನೋಡಿ. ಜಿರ್ಕೋನಿಯಾದ ಒಂದು ಬದಿಗೆ ಹೊರಗಿನ ಗಾಳಿ, ಅದರಲ್ಲಿ ಆಮ್ಲಜನಕ ನೂರಕ್ಕೆ 21. ಇನ್ನೊಂದು ಬದಿಗೆ ಹೊಗೆ. ಎರಡೂ ಬದಿಗೆ ಪ್ಲಾಟಿನಂ ಲೇಪ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಾಗ ಆಮ್ಲಜನಕದ ಅಯಾನುಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗಲು ತವಕಿಸುತ್ತವೆ, ಅದರಿಂದ ವೋಲ್ಟೇಜ್ ಹುಟ್ಟುತ್ತದೆ. ಪೆಟ್ರೋಲು ಹೆಚ್ಚಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ಸುಮಾರು 0.9 ವೋಲ್ಟ್, ಆಮ್ಲಜನಕ ಮಿಕ್ಕಿದ್ದರೆ ಸುಮಾರು 0.1 ವೋಲ್ಟ್. ಇದನ್ನು ನೋಡಿ ಗಾಡಿಯ ಕಂಪ್ಯೂಟರ್ ಪೆಟ್ರೋಲು ಹೆಚ್ಚು ಕಡಿಮೆ ಮಾಡುತ್ತದೆ. ಬಾಷ್ ಕಂಪನಿಯ ಇಂಥ ಸೆನ್ಸರ್ 1976ರಲ್ಲಿ ಮೊದಲು ವೋಲ್ವೊ ಕಾರಿಗೆ ಬಂತು. ಪ್ಲಾಟಿನಂ ಮೇಲೆ ಮಸಿ, ಎಣ್ಣೆಯ ಮಡ್ಡಿ ಕೂತರೆ ಅದು ತಪ್ಪು ಹೇಳಲು ಶುರುಮಾಡುತ್ತದೆ.

ಖಾಲಿ ಜಾಗ ಎಲ್ಲ ಕಡೆಯೂ ಒಳ್ಳೆಯದಲ್ಲ. ನಿಮ್ಮ ಮನೆಯ ಮೊಬೈಲಿನಲ್ಲಿ ಸಾಸಿವೆಗಿಂತ ಸಣ್ಣ ಕೆಪಾಸಿಟರ್‌ಗಳು ನೂರಾರು ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬಳಸುವುದು ಬೇರಿಯಂ ಟೈಟನೇಟ್ ಎಂಬ ಆಕ್ಸೈಡ್. ಅಲ್ಲಿ ಆಮ್ಲಜನಕದ ಖಾಲಿ ಜಾಗಗಳು ಶಾಖ ಮತ್ತು ವೋಲ್ಟೇಜಿನಿಂದ ನಿಧಾನವಾಗಿ ಋಣಧ್ರುವದ ಕಡೆಗೆ ಸರಿದು ಗುಂಪು ಕೂಡುತ್ತವೆ. ಆಗ ಕರೆಂಟು ಸೋರಿ ಕೆಪಾಸಿಟರ್ ಕೆಡುತ್ತದೆ. ಅದೇ ಸರಿದಾಟವನ್ನು ನೆನಪಿನ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಹಿಂದೆ ಹರಿದ ಕರೆಂಟನ್ನು ನೆನಪಿಡುವ ಮೆಮ್‌ರಿಸ್ಟರ್ ಎಂಬ ಸಾಧನ ಇರಬೇಕೆಂದು 1971ರಲ್ಲಿ ಲಿಯಾನ್ ಚುವಾ ಗಣಿತದಿಂದ ಹೇಳಿದ್ದರು. 2008ರಲ್ಲಿ ಎಚ್‌ಪಿ ಪ್ರಯೋಗಾಲಯದವರು ಟೈಟಾನಿಯಂ ಡೈಆಕ್ಸೈಡ್‌ನ ತೆಳು ಪದರದಲ್ಲಿ ಅದನ್ನು ತೋರಿಸಿದರು. ಖಾಲಿ ಜಾಗ ಅತ್ತ ಸರಿದರೆ ಕರೆಂಟು ಸಲೀಸು, ಇತ್ತ ಸರಿದರೆ ಕಷ್ಟ. ಇಂಥ ಎರಡು ಸ್ಥಿತಿಗಳನ್ನು ಸೊನ್ನೆ, ಒಂದು ಎಂದು ಓದಬಹುದು.

ಇದೆಲ್ಲ ಹೊರದೇಶದವರ ಕೆಲಸ ಎಂದುಕೊಳ್ಳಬೇಡಿ. ಆಕ್ಸೈಡ್‌ಗಳ ಅಧ್ಯಯನದಲ್ಲಿ ಜಗತ್ತೇ ಬಲ್ಲ ಹೆಸರು ಬೆಂಗಳೂರಿನಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಅವರದು. 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ ಕಟ್ಟಿದ ಅವರಿಗೆ 2014ರಲ್ಲಿ ಭಾರತರತ್ನ ಪ್ರದಾನವಾಯಿತು. ಅದೇ ಸಂಸ್ಥೆಯ ನವಕಾಂತ ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು. ಆಕ್ಸೈಡ್‌ನಿಂದ ಅನಿಲ ಗುರುತಿಸುವ ಸೆನ್ಸರ್‌ಗಳ ಕೆಲಸವೂ ಅದಕ್ಕೆ ಒಂದು ಕಾರಣ.

ಈಗ ಗ್ಯಾರೇಜಿನ ಹುಡುಗನ ಮಾತಿಗೆ ಬರುತ್ತೇನೆ. ಅವನು ಏಳನೇ ತರಗತಿಯವರೆಗೆ ಉರ್ದು ಮಾಧ್ಯಮ, ಲೆಕ್ಕದಲ್ಲಿ ಮುಂದು. ಪ್ರೌಢಶಾಲೆ ಕನ್ನಡ ಮಾಧ್ಯಮ. ಉರ್ದುವಿನ 'ತಕ್ಸೀದ್' ಇಲ್ಲಿ 'ಉತ್ಕರ್ಷಣ' ಆಯಿತು, ಪಿಯುಸಿಗೆ ಹೋದರೆ 'ಆಕ್ಸಿಡೇಷನ್' ಆಗುತ್ತಿತ್ತು. 'ಬರ್ಖ್' ಹೋಗಿ 'ವಿದ್ಯುತ್' ಬಂತು. ಮೂರೂ ಒಂದೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ಎರಡೂ ಭಾಷೆ ಕಲಿಸುವ ನಾನೂ ಹೇಳಲಿಲ್ಲ. ತನಗೆ ವಿಜ್ಞಾನ ತಲೆಗೆ ಹತ್ತುವುದಿಲ್ಲ ಎಂದು ತಿಳಿದು ಅವನು ಹತ್ತನೆಯದಕ್ಕೇ ಬಿಟ್ಟ. ಮೊನ್ನೆ 27ಕ್ಕೆ ಒಂದು ಎಂಬ ಲೆಕ್ಕವನ್ನು ದಖನಿಯಲ್ಲಿ ಹೇಳಿದಾಗ, ನಾನು ಮುಗಿಸುವ ಮೊದಲೇ "ಇಟ್ರಿಯಾ ಹೆಚ್ಚಾದ್ರೆ ಏನಾಗ್ತದ್ರಿ ಸರ್?" ಎಂದು ಕೇಳಿದವನು ಅವನೇ.

ಹರಳಿನ ಖಾಲಿ ಜಾಗ ಕೆಲಸಕ್ಕೆ ಬರುತ್ತದೆ. ತರಗತಿಯ ಖಾಲಿ ಬೆಂಚು ಯಾರ ಕೆಲಸಕ್ಕೂ ಬಾರದು.

ಆದ್ದರಿಂದ ಸಂಸ್ಥೆಯ ಹಿರಿಯರಲ್ಲಿ ಒಂದು ವಿನಂತಿ. ಎಂಟರಿಂದ ಹತ್ತನೇ ತರಗತಿಯ ವಿಜ್ಞಾನದ ಶಬ್ದಗಳನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಕೊಡುವ ಸಣ್ಣ ಪುಸ್ತಕವೊಂದನ್ನು ಅಚ್ಚು ಹಾಕಿಸಿ, ಎಂಟನೆಯದಕ್ಕೆ ಸೇರುವ ಪ್ರತಿ ಮಗುವಿಗೂ ಕೊಡೋಣ. ಶಬ್ದ ಕೂಡಿಸುವ ಕೆಲಸವನ್ನು ನಾನು ಶುರುಮಾಡಿದ್ದೇನೆ. ವಿಜ್ಞಾನ ಶಿಕ್ಷಕರು ತಿದ್ದಿಕೊಡಬೇಕು. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಕೈಗೆ ಸಿಕ್ಕ ಸಾಮಾನಿನ ಒಳಗೇನಿದೆ ಎಂದು ಕೇಳುವುದನ್ನು ಬಿಡಬೇಡಿ. ಶಿಕ್ಷಕರಿಗೆ ಗೊತ್ತಿಲ್ಲದಿದ್ದರೂ ಕೇಳಿ. ನಾವು ಓದಿಕೊಂಡು ಬಂದು ಹೇಳುತ್ತೇವೆ.