ನಗಬಾರದ ರಾತ್ರಿಯಲ್ಲಿ ನಗು



ಕೈಯಲ್ಲಿದ್ದ ಒಂದೇ ನೋಟು ಟ್ಯಾಕ್ಸಿಯ ಕಿಟಕಿಯಿಂದ ಹಾರಿಹೋದರೆ ಏನಾದೀತು? ಮಾರ್ಟಿನ್ ಸ್ಕಾರ್ಸೆಸೆ 1985ರಲ್ಲಿ ನಿರ್ದೇಶಿಸಿದ ‘ಆಫ್ಟರ್ ಅವರ್ಸ್’ ಚಿತ್ರ ಇದಕ್ಕೆ ಉತ್ತರ ಹೇಳುತ್ತದೆ. ನ್ಯೂಯಾರ್ಕಿನ ಕಚೇರಿಯೊಂದರ ನೌಕರ ಪಾಲ್ ಯುವತಿಯೊಬ್ಬಳನ್ನು ಕಾಣಲು ರಾತ್ರಿ ಹೊರಡುತ್ತಾನೆ. 20 ಡಾಲರಿನ ನೋಟು ಗಾಳಿಪಾಲಾಗುತ್ತದೆ. ಮನೆಗೆ ಮರಳೋಣವೆಂದರೆ ಅದೇ ನಡುರಾತ್ರಿಯಿಂದ ರೈಲಿನ ದರ ಏರಿದೆ. ಜೇಬಿನ ಚಿಲ್ಲರೆ ಸಾಲದು. ಬೆಳಗಾಗುವಷ್ಟರಲ್ಲಿ ಆ ಬಡಾವಣೆಯ ಜನರೇ ಅವನನ್ನು ಕಳ್ಳನೆಂದು ಅಟ್ಟಾಡಿಸುತ್ತಾರೆ. 1986ರ ಕಾನ್ ಚಿತ್ರೋತ್ಸವದಲ್ಲಿ ಸ್ಕಾರ್ಸೆಸೆಗೆ ಉತ್ತಮ ನಿರ್ದೇಶಕ ಪ್ರಶಸ್ತಿ ಬಂದದ್ದು ಈ ಚಿತ್ರಕ್ಕೆ.

ಇದನ್ನು ಕರಾಳ ಹಾಸ್ಯ ಎನ್ನುತ್ತಾರೆ. ಇಲ್ಲಿನ ಪಾತ್ರಗಳು ತಮಾಷೆ ಮಾಡುವುದಿಲ್ಲ. ಹೇಗಾದರೂ ಪಾರಾಗಬೇಕೆಂದು ಹೆಣಗುತ್ತವೆ. ಒಂದು ಎಡವಟ್ಟು ಮುಚ್ಚಲು ಹೋಗಿ ಇನ್ನೊಂದನ್ನು ಮೈಮೇಲೆ ಎಳೆದುಕೊಳ್ಳುತ್ತವೆ. ನಗು ಹುಟ್ಟುವುದು ಆ ಹೆಣಗಾಟದಿಂದ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ 2023ರ ಜುಲೈ 21ರಂದು ತೆರೆಕಂಡ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’. ನಿರ್ದೇಶಕರು ನಿತಿನ್ ಕೃಷ್ಣಮೂರ್ತಿ, ಸಂಗೀತ ಬಿ. ಅಜನೀಶ್ ಲೋಕನಾಥ್ ಅವರದು. ಹಾಸ್ಟೆಲಿನ ವಾರ್ಡನ್ ಸತ್ತು ಬಿದ್ದಿದ್ದಾನೆ. ಅವನ ಪತ್ರದಲ್ಲಿ ಹುಡುಗರ ಹೆಸರಿದೆ. ಅದನ್ನು ಅಪಘಾತವೆಂದು ತೋರಿಸಲು ಹುಡುಗರು ರಾತ್ರಿಯಿಡೀ ಪಡುವ ಪಾಡೇ ಕಥೆ. ಕ್ಯಾಮೆರಾ ಅವರ ಹಿಂದೆಯೇ ಓಡುತ್ತದೆ. ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಗದ್ದಲವೇ ಚಿತ್ರದ ಲಯ.

ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಈ ಕಥೆ ಬರೀ ನಗೆಯಾಗಿ ಉಳಿಯದು. ಕಡಲೆ, ಉಳ್ಳಾಗಡ್ಡಿ, ಮೆಣಸಿನಕಾಯಿ ಮಾರಿದ ರೊಕ್ಕದಲ್ಲಿ ಮಗನನ್ನು ಹುಬ್ಬಳ್ಳಿ, ಧಾರವಾಡ, ಬೆಂಗಳೂರಿನ ಹಾಸ್ಟೆಲಿಗೆ ಕಳಿಸಿದ ತಂದೆಗೆ ‘ಪೊಲೀಸ್ ಕೇಸು’ ಎಂಬ ಮಾತೊಂದೇ ಸಾಕು, ನಿದ್ದೆ ಹಾರಿಹೋಗಲು. ಒಂದು ಕೇಸಾದರೆ ಓದು, ನೌಕರಿ, ಮನೆತನದ ಮಾನ ಎಲ್ಲವೂ ಪಣಕ್ಕೆ. ಹುಡುಗರ ಮೂರ್ಖತನದ ಹಿಂದಿರುವುದು ಈ ಭಯವೇ.

ಸಾವನ್ನೂ ನಗುವನ್ನೂ ಒಂದೇ ರಾತ್ರಿ ನೋಡುವುದು ಈ ಸೀಮೆಗೆ ಹೊಸತೇನಲ್ಲ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ ಪಾರಮ್ಮನ ಮಾತಿಗೆ ನಕ್ಕ ಜನವೇ ಕೊನೆಗೆ ಗೆಳೆಯನ ದ್ರೋಹಕ್ಕೂ ಸಂಗ್ಯಾನ ಕೊಲೆಗೂ ಸಾಕ್ಷಿಯಾಗುತ್ತಾರೆ. ಅಲ್ಲಿ ನಗು ಸಾವನ್ನು ಹಗುರ ಮಾಡುವುದಿಲ್ಲ, ಅದನ್ನು ನೋಡುವ ಧೈರ್ಯ ಕೊಡುತ್ತದೆ.

ಪಾಲ್ ಕೊನೆಗೆ ಬಂದು ಬೀಳುವುದು ತನ್ನ ಕಚೇರಿಯ ಬಾಗಿಲಿಗೇ. ರಾತ್ರಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ನಗರಕ್ಕೆ ಹೋದ ಮಗ ಫೋನಿನಲ್ಲಿ ‘ಆರಾಮ ಅದೀನಿ’ ಎಂದಾಗ ಊರಿನವರು ಇನ್ನೊಂದು ಮಾತು ಕೇಳುವುದೊಳ್ಳೆಯದು.