ನಮ್ಮ ಆರೋಗ್ಯದ ಲೆಕ್ಕಪುಸ್ತಕ



ನೈರೋಬಿಯಲ್ಲಿರುವ ನಾವು ಶಿಲಿಂಗಿನಲ್ಲಿ ಖರ್ಚು ಮಾಡಿ ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕುವವರು. ರಕ್ತದ ಸಕ್ಕರೆಗೂ ಹೀಗೆಯೇ ಎರಡು ಲೆಕ್ಕಗಳಿವೆ. ಊರಿನ ಲ್ಯಾಬುಗಳು ಅದನ್ನು ಮಿಲಿಗ್ರಾಂನಲ್ಲಿ ಬರೆದರೆ, ಇಲ್ಲಿನವು ಮಿಲಿಮೋಲ್‌ನಲ್ಲಿ ಬರೆಯುತ್ತವೆ. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. ಖಾಲಿ ಹೊಟ್ಟೆಯಲ್ಲಿ 7 ಬಂದರೆ ‘ಇಷ್ಟೇ ತಾನೇ’ ಎಂದು ಸುಮ್ಮನಾಗಬಾರದು. ಅದು ಊರಿನ 126, ಸಕ್ಕರೆ ಕಾಯಿಲೆಯ ಗಡಿ. ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

ಊರಿನಿಂದ ಬಂದ ತಂದೆತಾಯಿಯರ ಗ್ಲೂಕೋಮೀಟರ್ ಯಾವ ಲೆಕ್ಕದ್ದೆಂದು ಮೊದಲು ನೋಡಿ. ಅಂಕಿ ನೋಡಿ ಗಾಬರಿಗೊಂಡು ಮಾತ್ರೆ ಹೆಚ್ಚಿಸುವುದು, ಬಿಡುವುದು ಎರಡೂ ಅಪಾಯ.

ಮನೆಗೊಂದು ನೋಟ್‌ಬುಕ್ ಇಡೋಣ. ತಾರೀಖು, ಸಕ್ಕರೆಯ ಅಂಕಿ, ಅದರ ಅಳತೆ, ರಕ್ತದೊತ್ತಡ ಬರೆಯೋಣ. ಮಾತ್ರೆಯ ಕಂಪನಿ ಹೆಸರು ದೇಶಕ್ಕೊಂದು. ಆದ್ದರಿಂದ ಔಷಧದ ಮೂಲ ಹೆಸರನ್ನೇ ಬರೆಯೋಣ. ಸೊಂಟದ ಸುತ್ತಳತೆಯೂ ಇರಲಿ: ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ಮೊಂಬಾಸಾ, ಕಿಸುಮು ಪ್ರವಾಸದ ದಿನಗಳನ್ನೂ ಗುರುತು ಹಾಕಿ. ಹಿಂದಿರುಗಿದ ಮೇಲೆ ಜ್ವರ ಬಂದರೆ ಅಂದೇ ಮಲೇರಿಯಾ ಪರೀಕ್ಷೆ ಆಗಬೇಕು.

ಇನ್ನು ವಾಟ್ಸಾಪ್ ವೈದ್ಯ. ಯಾರು ಬರೆದದ್ದು, ಯಾವಾಗ ಬರೆದದ್ದು, ಏನನ್ನು ಮಾರಲು ಬರೆದದ್ದು ಎಂಬ ಮೂರು ಪ್ರಶ್ನೆ ಕೇಳಿ. ಊಟದ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದೆ; ರೋಗಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮತ್ತು ಕೀನ್ಯಾ ಆರೋಗ್ಯ ಸಚಿವಾಲಯದ ಮಾಹಿತಿ ಇದೆ. ಉಳಿದದ್ದಕ್ಕೆ ನಿಮ್ಮ ವೈದ್ಯರಿದ್ದಾರೆ. ಹೋಗುವಾಗ ಆ ನೋಟ್‌ಬುಕ್ ಮರೆಯಬೇಡಿ.