ಭತ್ತದ ಹುಲ್ಲೆಲ್ಲ ಒಂದೇ ಅಲ್ಲ

ಹೊಸ ಭತ್ತದ ಬೀಜ ತರುವಾಗ ನಾವು ಕೇಳುವುದೇನು? ಎಕರೆಗೆ ಎಷ್ಟು ಮೂಟೆ ಆಗುತ್ತೆ, ಎಷ್ಟು ದಿನದ ಬೆಳೆ, ಅನ್ನ ಹೇಗಿರುತ್ತೆ, ಇಷ್ಟೆ. “ಇದರ ಹುಲ್ಲನ್ನು ದನ ತಿನ್ನುತ್ತೋ?” ಎಂದು ಕೇಳುವವರು ಕಡಿಮೆ. ಕೊಟ್ಟಿಗೆಯ ದನವಾದರೋ ಮುಂದಿನ ಸುಗ್ಗಿಯವರೆಗೆ ಆ ಬಣವೆಯನ್ನೇ ನಂಬಿರಬೇಕು.

ಗಿಡ್ಡ ತಳಿಗಳಲ್ಲಿ ಐ.ಆರ್. 8 ನಮ್ಮ ದೇಶಕ್ಕೆ 1966ರಲ್ಲಿ ಬಂತು, ಜಯ 1968ರಲ್ಲಿ. ಕಾಳು ಹೆಚ್ಚಿತು, ಕಾಳಿನ ಲೆಕ್ಕಕ್ಕೆ ಹುಲ್ಲು ತಗ್ಗಿತು. “ಉದ್ದ ಭತ್ತದ ಹುಲ್ಲೇ ಹುಲ್ಲು” ಎಂದು ಹಿರಿಯರು ಹೇಳುವುದುಂಟು. ಈ ಮಾತು ಅರ್ಧ ನಿಜ. ತಳಿಯಿಂದ ತಳಿಗೆ ಹುಲ್ಲಿನ ಸತ್ವ ಬೇರೆಯಾಗುವುದು ಹೌದು. ಆದರೆ ಪೈರಿನ ಎತ್ತರವೊಂದನ್ನೇ ನೋಡಿ ಅದನ್ನು ಹೇಳಲಾಗದು. ಹೆಚ್ಚು ಕಾಳು ಕೊಡುವ ತಳಿಯ ಹುಲ್ಲು ಕೆಟ್ಟದ್ದೇ ಆಗಬೇಕೆಂದೂ ಇಲ್ಲ.

ಭತ್ತದ ಪೈರು ಮಣ್ಣಿನಿಂದ ಸಿಲಿಕ ಎಂಬ ಮರಳಿನ ಜಾತಿಯ ವಸ್ತುವನ್ನು ಹೀರಿ ಗರಿಯಲ್ಲಿ ತುಂಬಿಕೊಳ್ಳುತ್ತದೆ. ಗರಿ ಸವರಿದರೆ ಕೈ ತರಚುವುದು ಇದರಿಂದಲೇ. ಇದು ದನಕ್ಕೆ ಅರಗದು. ಮೇವು ಅರಗುವುದಕ್ಕೂ ಅಡ್ಡಿ. ದಂಟಿನಲ್ಲಿ ಇದು ಕಡಿಮೆ. ಆದ್ದರಿಂದ ಭತ್ತದಲ್ಲಿ ಗರಿಗಿಂತ ದಂಟೇ ಚೆನ್ನಾಗಿ ಅರಗುತ್ತದೆ. ಹುಲ್ಲು ಮೇವಿಗೆ ಬೇಕಾದರೆ ನೆಲಮಟ್ಟಕ್ಕೆ ಕೊಯ್ಯಿರಿ. ಎತ್ತರಕ್ಕೆ ಕೊಯ್ದರೆ ಒಳ್ಳೆಯ ಭಾಗ ಕೂಳೆಯಾಗಿ ಗದ್ದೆಯಲ್ಲೇ ಉಳಿಯುತ್ತದೆ.

ಯಾವ ತಳಿಯ ಹುಲ್ಲು ಮೇಲೆಂದು ಮನೆಯಲ್ಲೇ ನೋಡಬಹುದು. ಎರಡು ತಳಿಯ ಹುಲ್ಲನ್ನು ಬೇರೆ ಬೇರೆ ಒಟ್ಟಿ. ಒಂದೇ ಹಸುವಿಗೆ ಒಂದು ವಾರ ಇದನ್ನು, ಮುಂದಿನ ವಾರ ಅದನ್ನು, ಅಷ್ಟೇ ತೂಕ ಹಾಕಿ. ಹಿಂಡಿ ಬೂಸ ಬದಲಿಸಬೇಡಿ. ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದನ್ನು ತೂಗಿ. ಹಾಲನ್ನೂ ಅಳೆಯಿರಿ.

ಒಳ್ಳೆಯ ತಳಿಯ ಹುಲ್ಲೂ ಮಳೆಯಲ್ಲಿ ನೆನೆದರೆ ಸತ್ವ ತೊಳೆದುಹೋಗುತ್ತದೆ. ಹಸಿಯಾಗಿ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ. ಅಂಥದನ್ನು ದನಕ್ಕೆ ಹಾಕಬೇಡಿ. ಚೆನ್ನಾಗಿ ಒಣಗಿಸಿ, ನೀರು ನಿಲ್ಲದ ಎತ್ತರದ ಜಾಗದಲ್ಲಿ ಬಣವೆ ಹಾಕಿ.

ಇನ್ನೊಂದು ಮಾತು. ಎಂಥ ಭತ್ತದ ಹುಲ್ಲಾದರೂ ಅದೊಂದರಿಂದಲೇ ಕರಾವಿನ ಹಸು ಸುಧಾರಿಸದು. ನೂರು ಕಿಲೋ ಒಣಹುಲ್ಲಿನಲ್ಲಿ ಸಸಾರಜನಕ ಹೆಚ್ಚುಕಡಿಮೆ 4 ಕಿಲೋ ಮಾತ್ರ. ಅದರಲ್ಲಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಕಟ್ಟಿಹಾಕಿ ದನಕ್ಕೆ ದಕ್ಕದಂತೆ ಮಾಡುತ್ತದೆ. ಆದಕಾರಣ ಅಲಸಂದೆ, ಅಗಸೆ ಸೊಪ್ಪಿನಂಥ ಹಸಿರು ಮೇವು, ಒಂದಿಷ್ಟು ಹಿಂಡಿ, ಖನಿಜ ಮಿಶ್ರಣ ಜೊತೆಗಿರಲಿ. ರಾಗಿ ಹುಲ್ಲು ಇದ್ದವರು ಅದನ್ನು ಕರಾವಿನ ಹಸುವಿಗೆ ಮೀಸಲಿಡಿ. ಅದು ಭತ್ತದ ಹುಲ್ಲಿಗಿಂತ ಮೇಲು.

ಮುಂದಿನ ಸಲ ಬೀಜ ಆರಿಸುವಾಗ ಮನೆಯ ಹೆಣ್ಣುಮಕ್ಕಳನ್ನೂ ಒಂದು ಮಾತು ಕೇಳಿ. ಯಾವ ಹುಲ್ಲು ಗೋದಲಿಯಲ್ಲಿ ಉಳಿಯುತ್ತೆ, ಯಾವುದು ಉಳಿಯೋಲ್ಲ ಅನ್ನೋದು ದಿನವೂ ಕೊಟ್ಟಿಗೆ ಗುಡಿಸುವವರಿಗೆ ಗೊತ್ತು.